ಲೈಟ್ ಅಕ್ಕನ ದನಿ ಇದ್ದ ಡಿಸ್ಕುಗಳು

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ವಿಡಿಯೋ ಮಾವ ಎಂದೇ ಕರೆಯುವುದು. ಮದುವೆಗಳ ವಿಡಿಯೋ ತೆಗೆಯುವುದು ಅವರ ಕಸುಬು. ಅವರು ಕ್ಯಾಮೆರಾ ಹೆಗಲಿಗೇರಿಸಿದರೆ ಪಕ್ಕದಲ್ಲಿ ಲೈಟ್ ಹಿಡಿದು ನಿಲ್ಲುತ್ತಿದ್ದವಳು ಅವರ ಹೆಂಡತಿ. ಅದಕ್ಕೇ ಅವಳಿಗೆ ಲೈಟ್ ಅಕ್ಕ ಎಂಬ ಹೆಸರು ಬಿದ್ದಿತ್ತು. ಅವಳ ಬಾಯಿ ಸುಮ್ಮನಿದ್ದದ್ದೇ ಇಲ್ಲ.

"ಅಜ್ಜಿ, ಹಲ್ಲಿಲ್ಲದಿದ್ರೂ ಪರವಾಗಿಲ್ಲ, ನಗಿ!"

"ಏನಪ್ಪ ಮದುಮಗ, ಪರೀಕ್ಷೆಗೆ ಕೂತವನ ಹಾಗೆ ಬೆವರ್ತೀಯಲ್ಲ, ಪಾಸಾಗಿದ್ದೀಯ ಬಿಡು!"

ಜನ ನಗುತ್ತಿದ್ದರು. ಆ ನಗು ವಿಡಿಯೋದಲ್ಲಿ ಉಳಿಯುತ್ತಿತ್ತು, ನಗಿಸಿದ ಮಾತು ಉಳಿಯುತ್ತಿರಲಿಲ್ಲ. ಲೈಟ್ ಹಿಡಿದವರ ದನಿ ಗಿರಾಕಿಗೆ ಕೇಳಿಸಬಾರದು ಎನ್ನುವುದು ಆ ಕಸುಬಿನ ರೂಢಿ. ಮಾವ ಮನೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಅವಳ ಮಾತನ್ನೆಲ್ಲ ಅಳಿಸಿ ಮೇಲೆ ಹಾಡು ಸೇರಿಸುತ್ತಿದ್ದರು.

"ಹೆಂಡತಿ ಬಾಯಿ ಮುಚ್ಚಿಸಿ ಸಂಪಾದನೆ ಮಾಡೋ ಗಂಡ ಇವರೊಬ್ಬರೇ ನೋಡಿ" ಎಂದು ಅವಳು ನಮ್ಮೆದುರು ನಗುತ್ತಿದ್ದಳು.

ಒಂದು ಮದುವೆ ಮುಗಿಸಿಕೊಂಡು ಬಂದ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ದೇವರು ಅವಳನ್ನು ನರಳಿಸಲಿಲ್ಲ, ನಿಜ. ಆದರೆ ಒಂದು ಮಾತು ಆಡಿ ಹೋಗುವಷ್ಟು ಹೊತ್ತನ್ನೂ ಕೊಡಲಿಲ್ಲ.

ಆಮೇಲೆ ಬಹಳ ದಿನ ಮಾವ ಏನನ್ನೂ ಮುಟ್ಟಲಿಲ್ಲ. ಕೊನೆಗೆ, ಅವಳು ಕೊನೆಯದಾಗಿ ಲೈಟ್ ಹಿಡಿದಿದ್ದ ಮದುವೆಯವರು ವಿಡಿಯೋ ಕೇಳತೊಡಗಿದಾಗ ಕಂಪ್ಯೂಟರ್ ಹಾಕಿದರು. ಇನ್ನೂ ಕತ್ತರಿಸದ ವಿಡಿಯೋ ಅದು. "ರೀ, ಸ್ವಲ್ಪ ಪಕ್ಕಕ್ಕೆ ಬನ್ನಿ, ನಿಮ್ಮ ನೆರಳು ಬೀಳ್ತಿದೆ" ಎಂದಿತು ಅವಳ ದನಿ. ಮಾವ ಕುರ್ಚಿ ಸಮೇತ ಪಕ್ಕಕ್ಕೆ ಸರಿದರಂತೆ. ಬಾಗಿಲಲ್ಲಿ ನಿಂತು ನೋಡಿದ ಮಗಳು ಹೇಳಿದ್ದು.

ಅಂದಿನಿಂದ ಅವರಿಗೆ ಅದೊಂದೇ ಧ್ಯಾನ. ಕ್ಯಾಮೆರಾ ಕಾರ್ಡುಗಳಲ್ಲಿ ಅಲ್ಲಲ್ಲಿ ಉಳಿದಿದ್ದ ಕತ್ತರಿಸದ ಹಳೆಯ ವಿಡಿಯೋಗಳನ್ನೆಲ್ಲ ಒಂದು ಕಡೆ ಸೇರಿಸಬೇಕು, ಅವಳ ದನಿ ಮನೆಯಲ್ಲಿರಬೇಕು. ಕತ್ತರಿಸದ ವಿಡಿಯೋ ಎಂದರೆ ಜಾಗ ನುಂಗುವ ಭೂತ. ಹೊಸ ಹಾರ್ಡ್ ಡಿಸ್ಕ್ ಅವರ ಕೈಗೆಟುಕುವಂಥದ್ದಲ್ಲ. ಹಳೆ ಸಾಮಾನಿನ ಅಂಗಡಿಯಿಂದ, ಯಾರೋ ಬಳಸಿ ಬಿಟ್ಟಿದ್ದನ್ನು ಒಂದೊಂದಾಗಿ ತಂದರು. ಕಂಪ್ಯೂಟರಿನೊಳಗೆ ಎರಡಕ್ಕೆ ಮಾತ್ರ ಜಾಗ. ಪಕ್ಕದ ತಗಡು ಬಿಚ್ಚಿ, ವೈರುಗಳನ್ನು ಹೊರಗೆಳೆದು, ಉಳಿದ ಡಿಸ್ಕುಗಳನ್ನು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದರು. ಬಿಸಿಯಾಗದಿರಲೆಂದು ಎದುರಿಗೊಂದು ಟೇಬಲ್ ಫ್ಯಾನು.

"ಅಪ್ಪ, ತಟ್ಟೆ ಎಲ್ಲಿಡಲಿ?" ಎಂದಳು ಮಗಳು.

"ನೆಲದ ಮೇಲಿಡು. ತಟ್ಟೆಗೇನು ನೆನಪು ಹೋಗುತ್ತಾ?"

"ಅಮ್ಮನ ಮಾತಷ್ಟೇ ಕತ್ತರಿಸಿಟ್ಕೊಂಡ್ರೆ ಒಂದು ಪೆನ್ ಡ್ರೈವ್ ಸಾಕಲ್ವಾ ಅಪ್ಪ? ಇಷ್ಟೆಲ್ಲ ರಗಳೆ ಯಾಕೆ?"

"ಇಷ್ಟು ವರ್ಷ ಕತ್ತರಿಸಿದ್ದು ಸಾಲದಾ? ಇನ್ನು ಕತ್ತರಿ ಹಿಡಿಯಲ್ಲ ನಾನು."

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹಂಚುವ ಒಂದು ಪವರ್ ಡಬ್ಬಿ ಇರುತ್ತದೆ. ಮಾವನದು ಕಂಪ್ಯೂಟರಿನಷ್ಟೇ ಹಳೆಯದು. ಅದರ ಒಂದು ವೈರಿಗೆ ಕವಲು ಹಾಕಿ, ಆ ಕವಲಿಗೆ ಮತ್ತೆ ಕವಲು ಹಾಕಿ ಎಲ್ಲ ಡಿಸ್ಕಿಗೂ ಕರೆಂಟು ಕೊಟ್ಟಿದ್ದರು. ಕವಲು ವೈರು ಮಾರಿದ ಅಂಗಡಿಯವನೇ ಎಚ್ಚರಿಸಿದ್ದ.

"ಮಾವ, ನನಗೇನು, ವ್ಯಾಪಾರ ಆಗುತ್ತೆ. ಆದ್ರೆ ಒಂದು ಮುದಿ ಎತ್ತಿಗೆ ಐದು ಗಾಡಿ ಕಟ್ತಿದ್ದೀರಿ. ಮೊದಲು ಆ ಡಬ್ಬಿ ಬದಲಾಯಿಸಿ."

"ಬದಲಾಯಿಸೋಣಪ್ಪ, ಇನ್ನೊಂದು ಮದುವೆ ಸಿಗಲಿ. ಅಲ್ಲದೆ ಎಲ್ಲಾನೂ ಎರಡೆರಡು ಡಿಸ್ಕಲ್ಲಿ ಇಟ್ಟಿದ್ದೀನಿ. ಒಂದು ಹೋದ್ರೆ ಇನ್ನೊಂದಿರುತ್ತೆ."

ಹಾಗೆಂದು ಅವರು ನಿಶ್ಚಿಂತರಾಗಿದ್ದರು. ಎರಡು ಬೀಗದ ಕೈ ಮಾಡಿಸಿದ್ದರು, ಆದರೆ ಎರಡನ್ನೂ ಒಂದೇ ಗೊಂಚಲಿಗೆ ಹಾಕಿದ್ದರು.

ಆ ಬೇಸಿಗೆಯ ಮಧ್ಯಾಹ್ನ ಮಗಳು ಬಟ್ಟೆ ಒಣಹಾಕುತ್ತಿದ್ದಳು. ಒಳಗಿನಿಂದ ತಾಯಿಯ ದನಿ ಕೇಳುತ್ತಿತ್ತು, ಯಾರಿಗೋ ಕತ್ತು ನೆಟ್ಟಗೆ ಮಾಡಿಕೊಳ್ಳಲು ಹೇಳುತ್ತಿದ್ದಳು. ಚಟ್ ಎಂದು ಸದ್ದಾಯಿತು, ದನಿ ಅಲ್ಲಿಗೇ ನಿಂತಿತು. ಓಡಿ ಬಂದರೆ ಸುಟ್ಟ ವಾಸನೆ. ಮಾವ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದರು. ಫ್ಯಾನು ಮಾತ್ರ ತಿರುಗುತ್ತಿತ್ತು. ಪವರ್ ಡಬ್ಬಿ ತಾನು ಸಾಯುತ್ತಾ ಎಲ್ಲ ಡಿಸ್ಕುಗಳನ್ನೂ ಜೊತೆಗೆ ಕರೆದೊಯ್ದಿತ್ತು. ಕ್ಯಾಮೆರಾ ಕಾರ್ಡುಗಳನ್ನು ಮುಂದಿನ ಮದುವೆಗೆಂದು ಮಾವ ಆಗಲೇ ಖಾಲಿ ಮಾಡಿದ್ದರು. ಅಂಗಡಿಯವನು ಡಿಸ್ಕುಗಳನ್ನು ರಿಪೇರಿಗೆಂದು ತನಗೆ ಗೊತ್ತಿದ್ದವರಿಗೆಲ್ಲ ಕಳಿಸಿ ನೋಡಿದ. ಹೋದದ್ದು ಹಾಗೇ ವಾಪಸ್ ಬಂತು. ಹೇಳಿದ್ದೆನಲ್ಲಾ ಎಂದು ಅವನು ಒಂದು ಮಾತೂ ಆಡಲಿಲ್ಲ.

ಆಮೇಲೆ ಮಾವ ಗಿರಾಕಿಗಳ ಮನೆಗೆ ಹೋಗತೊಡಗಿದರು. ತಾವು ಕೊಟ್ಟ ವಿಡಿಯೋ ಒಮ್ಮೆ ಹಾಕಿ ತೋರಿಸಿ ಎಂದು ಕೇಳುವರು. ಎಲ್ಲಾದರೂ ತಮ್ಮ ಕೈ ತಪ್ಪಿ ಅವಳ ಒಂದು ಮಾತು ಉಳಿದಿರಬಹುದು ಎಂಬ ಆಸೆ. ಎಲ್ಲ ಮನೆಯಲ್ಲೂ ಹಾಡೇ ಕೇಳಿತು.

ಹಿಂದೆ ಮಾವ ಮದುವೆ ವಿಡಿಯೋ ಮಾಡಿಕೊಟ್ಟಿದ್ದ ದರ್ಜಿ ಹುಡುಗಿಯೊಬ್ಬಳ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಹುಡುಗಿ ಎಂದರೆ ಈಗ ಎರಡು ಮಕ್ಕಳ ತಾಯಿ. ಟಿವಿಯಲ್ಲಿ ಅವಳ ಮದುವೆ ಓಡುತ್ತಿತ್ತು. ಒಂದು ಕಡೆ ಮದುಮಗಳು ಬೆಳಕಿನತ್ತ ತಿರುಗಿ ಏನೋ ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ನಿಲ್ಸಮ್ಮ" ಎಂದರು ಮಾವ. "ಇಲ್ಲಿ ನೀನು ಮಾತಾಡಿದ್ದು ಅವಳ ಜೊತೆ."

ಅವಳು ನೆನಪಿಸಿಕೊಂಡಳು. "ಹೌದು ಮಾವ. ಹೊಸ ಚಪ್ಪಲಿ ಕಚ್ತಿತ್ತು, ನಾನು ಮುಖ ಕಿವುಚಿದ್ದೆ. 'ಬಿಚ್ಚಿ ಬಿಸಾಕೇ ಹುಡುಗಿ, ನನ್ನ ಗಂಡ ವಿಡಿಯೋದಲ್ಲಿ ಕಾಲು ತೆಗೆಯಲ್ಲ, ಮುಖ ಮಾತ್ರ ತೆಗೆಯೋದು' ಅಂದ್ರು ಅಕ್ಕ."

"ಅವಳು ಹೇಗೆ ಅಂದ್ಲೋ ಹಾಗೇ ಹೇಳಮ್ಮ."

ಅವಳು ಹೇಳಿದಳು. ಇನ್ನೊಮ್ಮೆ ದನಿ ಎತ್ತರಿಸಿ ಹೇಳಿದಳು. "ಹಾಗಲ್ಲ, 'ಹುಡುಗಿ' ಅನ್ನೋವಾಗ ಸ್ವಲ್ಪ ಎಳೀತಿದ್ಲು" ಎಂದು ಮಾವ ತಾವೇ ಹೇಳಿ ತೋರಿಸಲು ಬಾಯಿ ತೆರೆದರು. ಮತ್ತೆ ಮುಚ್ಚಿ, ಆ ನಗುವನ್ನೇ ಇನ್ನೊಮ್ಮೆ ಹಾಕಲು ಹೇಳಿದರು.

ಅಷ್ಟರಲ್ಲಿ ಅವಳ ಗಂಡ ಕೆಲಸದಿಂದ ಬಂದ. ಪಾಪ, ಅವನಿಗೆ ಇದೇನೂ ಗೊತ್ತಿಲ್ಲ. ಟಿವಿ ನೋಡಿ ಮುಖ ಅರಳಿತು.

"ಮಾವ, ಇವತ್ತಿಗೂ ನೋಡಿದವರೆಲ್ಲ ಹೊಗಳ್ತಾರೆ. ಎಷ್ಟು ನಾಜೂಕಾಗಿ ಹಾಡು ಕೂರಿಸಿದ್ದೀರಿ! ಎಲ್ಲೂ ಒಂದು ಮಾತು ಅಡ್ಡ ಬಂದಿಲ್ಲ."

"ಹೌದಪ್ಪ" ಎಂದರು ಮಾವ. "ತುಂಬಾ ಗಮನ ಕೊಟ್ಟು ಮಾಡಿದ್ದೆ."