ಸುಳ್ಳು ಇಂಜಿನಿಯರಿಗೆ ನಿಜವಾದ ದೂರು

ಗೆಳೆಯರೇ, ಇವತ್ತು ನಮ್ಮ ಕಾಮಿಡಿ ಶೋ ನಮ್ಮ ಕೈಯನ್ನೇ ಮೀರಿತು.

ಊರೂರಿನ ಕೇಬಲ್ ಚಾನೆಲ್‌ಗಳ ಸಂದರ್ಶನಗಳನ್ನು ಗೇಲಿ ಮಾಡುವುದು ನಮ್ಮ ಕಾರ್ಯಕ್ರಮ. ವಿಜಯನಗರದ ಒಂದು ಹಾಲ್‌ನಲ್ಲಿ ಶೂಟಿಂಗ್. ನಾನು ನಿರೂಪಕ, ಗೆಳೆಯ ಸತೀಶನದು ನೀರು ಸರಬರಾಜು ಇಂಜಿನಿಯರ್ ಪಾತ್ರ. ಅವನಿಗೆ ಪೇಟ, ಶಾಲು, ಹಾರ ಹಾಕಿ ಹೊಗಳುವಷ್ಟರಲ್ಲಿ ಸಮಯ ಮುಗಿಯಬೇಕು. ಸಾರ್ವಜನಿಕರು ಬಾಯಿ ತೆರೆದಾಗಲೆಲ್ಲ ನಾನು 'ಚಿಕ್ಕ ಬ್ರೇಕ್' ಎನ್ನಬೇಕು. ಹಾಸ್ಯ ಅಷ್ಟೇ.

ಸಾರ್ವಜನಿಕರ ಪಾತ್ರಕ್ಕೆ ಸುಂಕದಕಟ್ಟೆಯ ಜಯಮ್ಮನವರನ್ನು ಕರೆಸಿದ್ದೆವು. ಮೈಕ್ ಸಿಕ್ಕಿದ್ದೇ ತಡ, ನಾವು ಬರೆದುಕೊಟ್ಟ ಮಾತು ಬಿಟ್ಟು, "ಸಾರ್, ನಮ್ ಬೀದಿ ನಲ್ಲೀಲಿ ಚರಂಡಿ ನೀರು ಬರ್ತಾ ಇದೆ" ಎಂದರು.

ನಾನು 'ಚಿಕ್ಕ ಬ್ರೇಕ್' ಎಂದೆ. ಎಲ್ಲರೂ ನಕ್ಕರು. ಅವರು ನಿಲ್ಲಿಸಲಿಲ್ಲ.

"ಆಂಟಿ, ಇವ್ನು ಇಂಜಿನಿಯರ್ ಅಲ್ಲ, ನಮ್ ಸತೀಶ" ಎಂದೆ.

"ಗೊತ್ತು ಕಣಪ್ಪಾ. ನೀರಿನ ಆಫೀಸಲ್ಲಿರೋರು 'ನಾಳೆ ಹುಡುಗ್ರನ್ನ ಕಳಿಸ್ತೀವಿ' ಅಂತ ಸಾಗಹಾಕ್ತಾರೆ, ನಿಂತು ಕೇಳೋದೇ ಇಲ್ಲ. ಇವ್ನಾದ್ರೂ ಪೂರ್ತಿ ಕೇಳ್ಲಿ."

ಕ್ಯಾಮೆರಾ ಆಫ್ ಮಾಡಿದೆವು. ಆ ನೀರು ಕುಡಿದು ಮೊಮ್ಮಗು ವಾಂತಿಭೇದಿಯಿಂದ ಮಲಗಿದ್ದನ್ನೂ ಜಯಮ್ಮ ಹೇಳಿದರು. ಸತೀಶ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ. ಕೊನೆಗೆ, "ನಾಳೆ ಹುಡುಗ್ರನ್ನ ಕಳಿಸ್ತೀನಿ ಅಮ್ಮಾ" ಎಂದುಬಿಟ್ಟ.

ಜಯಮ್ಮ ಕಣ್ಣೊರೆಸಿಕೊಂಡು ನಕ್ಕರು: "ಈಗ ನೋಡು, ಥೇಟ್ ಇಂಜಿನಿಯರ್ ಆದೆ!"