ಕೈಯಲ್ಲಿ ತೂಗಿ ತಂದ ಕಾರ್ಡು

ನಮ್ಮ ದೊಡ್ಡಪ್ಪನ ಮಗ, ಕೊಪ್ಪದ ನಿಂಗರಾಜಣ್ಣ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಹಳೆಯ ಕಂಪ್ಯೂಟರ್ ಪದೇ ಪದೇ ನಿಂತು, ಪಕ್ಕದ ಮನೆಯ ಅಂಕಮ್ಮನ ಮಗಳ ಮದುವೆಯ ವಿಡಿಯೋ ವರ್ಷವಾದರೂ ಮುಗಿದಿರಲಿಲ್ಲ. ವಿಡಿಯೋ ಕೆಲಸಕ್ಕೆ ವೇಗ ಕೊಡುವ ಹೊಸ ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ನಾನು ಎರಡು ಕಾರ್ಡುಗಳ ಮೆಮೊರಿ, ವೇಗ, ಉದ್ದ ಎಲ್ಲವನ್ನೂ ಹೋಲಿಸಿ ಬರೆದುಕೊಟ್ಟು, ಚಿಕ್ಕದೇ ಸಾಕು ಎಂದಿದ್ದೆ.

ಮಂಡ್ಯದ ಅಂಗಡಿಯಲ್ಲಿ ಅವನು ಆ ಚೀಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬೆಲ್ಲದ ಅಚ್ಚು ನೋಡುವಂತೆ ಎರಡನ್ನೂ ಕೈಯಲ್ಲಿ ತೂಗಿ, "ಇದು ಗಟ್ಟಿ ಮಾಲು ಕಣ್ಲಾ" ಎಂದು, ನಾನು ಬೇಡವೆಂದರೂ ದೊಡ್ಡದನ್ನೇ ತಂದ. ಅದು ಕಂಪ್ಯೂಟರಿನ ಡಬ್ಬದೊಳಗೆ ಹಿಡಿಸಲಿಲ್ಲ.

"ಉದ್ದ ಬರ್ದಿದ್ನಲ್ಲಣ್ಣ!" ಎಂದು ರೇಗಿದೆ.

"ಎತ್ತಿ ನೋಡುದ್ರೆ ಉದ್ದ ಎಂಗ್ಲಾ ಗೊತ್ತಾಯ್ತದೆ?" ಎಂದ.

ಅಷ್ಟರಲ್ಲಿ ಅಂಕಮ್ಮ ಬಾಗಿಲಿಗೆ ಬಂದರು. "ನಾಡಿದ್ದು ಮಗಳ್ ಸೀಮಂತ ಕಣಪ್ಪ. ಮದ್ವೆ ವಿಡಿಯೋನ ಮೊಮ್ಮಗೀಗೇ ತೋರ್ಸಾನಾ?"

ನಿಂಗರಾಜಣ್ಣ ಜೇಬಿನಿಂದ ನನ್ನ ಚೀಟಿ ತೆಗೆದು, ಮೊದಲ ಸಲ ಬಿಡಿಸಿ ಓದತೊಡಗಿದ.