ಸಕ್ಕರೆ ನೀರಿನಲ್ಲಿ ಹೊತ್ತಿದ ದೀಪ

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷದ ಮಾತು. ದೀಪಾವಳಿ ರಜೆ ಮುಗಿದ ಮೇಲೆ ಹುಕ್ಕೇರಿಯಲ್ಲಿ ಪ್ರೌಢಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಏರ್ಪಾಡಾಗಿತ್ತು. ಗೋಕಾಕ ತಾಲ್ಲೂಕಿನ ಮಮದಾಪುರದ ನಮ್ಮ ಶಾಲೆಯಿಂದ ಯಾರು ಹೋಗಬೇಕು ಎಂಬ ಮಾತು ಬಂದಾಗ ವಿಜ್ಞಾನದ ಪಾಟೀಲ ಸರ್ ನನ್ನ ಹೆಸರು ಹೇಳಿದರು. ಇಡೀ ತರಗತಿ ತಿರುಗಿ ನನ್ನ ಕಡೆ ನೋಡಿತು. ಯಾಕೆಂದರೆ ನನಗೆ ಉಗ್ಗು ಇತ್ತು. ಈಗಲೂ ಇದೆ.

ಉಗ್ಗು ಇರುವವರಿಗೆ ಮಾತು ಗೊತ್ತಿರುವುದಿಲ್ಲ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ, ಮೊದಲ ಅಕ್ಷರ ಮಾತ್ರ ಹೊರಗೆ ಬರುವುದಿಲ್ಲ. ನನಗಂತೂ ‘ಸ’ ಬಂದರೆ ಮುಗಿಯಿತು. ನನ್ನ ಹೆಸರೇ ಸವಿತಾ. ಯಾರಾದರೂ ಹೊಸಬರು ಹೆಸರು ಕೇಳಿದರೆ ನಾನು ಸುಮ್ಮನೆ ಅಪ್ಪನ ಮುಖ ನೋಡುತ್ತಿದ್ದೆ. ಅಪ್ಪ ಹೇಳಿಬಿಡುತ್ತಿದ್ದ. ಹೆಸರಷ್ಟೇ ಅಲ್ಲ, ಎಲ್ಲವನ್ನೂ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ನಾನು ಒಂದು ಅಕ್ಷರದ ಮೇಲೆ ಒದ್ದಾಡತೊಡಗಿದರೆ ಸಾಕು, ಉಳಿದದ್ದನ್ನು ಅಪ್ಪ ಮುಗಿಸುತ್ತಿದ್ದ. ಅವನು ಊರಿನಲ್ಲಿ ಟೇಲರ್. ಕೈಯಂತೆ ಮಾತೂ ಚುರುಕು. ನನ್ನ ಮೇಲಿನ ಮಮತೆಯಿಂದಲೇ ಹಾಗೆ ಮಾಡುತ್ತಿದ್ದ, ಅದು ನನಗೆ ಗೊತ್ತಿತ್ತು. ಮಗಳು ನಾಲ್ಕು ಜನರ ನಡುವೆ ಬಾಯಿ ತೆರೆದುಕೊಂಡು ನಿಲ್ಲುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ.

ಅದೇ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನನ್ನು ಕಾಲೇಜಿಗೆ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. “ಗೋಕಾಕದ ಕಾಲೇಜಿನ್ಯಾಗ ನಿನ್ನ ಮಾತ ಮುಗಿಯೂತನಾ ಯಾರ ಕಾಯ್ತಾರ? ನನ್ನ ಬಾಜೂಕ ಕುಂತು ಮಷಿನ್ ತುಳಿ, ರಾಣಿ ಹಂಗ ಇರ್ತಿ” ಎನ್ನುತ್ತಿದ್ದ. ನನಗೆ ವಿಜ್ಞಾನ ಓದುವ ಆಸೆ. ಆದರೆ ಅದನ್ನು ಪೂರ್ತಿಯಾಗಿ ಹೇಳಿ ಮುಗಿಸಲು ನನಗೆ ಯಾವತ್ತೂ ಆಗಿರಲಿಲ್ಲ.

ಪಾಟೀಲ ಸರ್ ಕೊಟ್ಟ ವಿಷಯ ರಾಸಾಯನಿಕ ಬಂಧಗಳು. ಅಯಾನಿಕ ಬಂಧ ಎಂದರೇನು, ಸಹವೇಲೆನ್ಸೀಯ ಬಂಧ ಎಂದರೇನು ಎಂದು ತೋರಿಸಬೇಕು. ಸೋಡಿಯಂ, ಸಕ್ಕರೆ, ಸಹವೇಲೆನ್ಸೀಯ... ಎಲ್ಲ ‘ಸ’ದಿಂದಲೇ ಶುರು! ನಾನು ಅತ್ತುಬಿಟ್ಟೆ. ಸರ್ ನಕ್ಕು, “ಮಾತು ಕಡಿಮಿ ಮಾಡೂಣು, ತೋರಸೂದು ಜಾಸ್ತಿ ಮಾಡೂಣು” ಎಂದರು.

ಹಾಗೇ ಮಾಡಿದೆವು. ದೊಡ್ಡ ರಟ್ಟಿನ ಮೇಲೆ ಅವ್ವನ ಹಳೆಯ ಬಳೆಗಳನ್ನು ಅಂಟಿಸಿ ಪರಮಾಣುವಿನ ಕಕ್ಷೆಗಳನ್ನು ಮಾಡಿದೆ. ಹಣೆಗೆ ಹಚ್ಚಿಕೊಳ್ಳುವ ಟಿಕಳಿಗಳೇ ಎಲೆಕ್ಟ್ರಾನ್‌ಗಳು. ಸೋಡಿಯಂನ ಹೊರಗಿನ ಕಕ್ಷೆಯಲ್ಲಿ ಒಂದೇ ಒಂದು ಟಿಕಳಿ. ಕ್ಲೋರಿನ್‌ನ ಹೊರಗಿನ ಕಕ್ಷೆಯಲ್ಲಿ ಏಳು. ಎಂಟಾಗಲು ಒಂದು ಕಡಿಮೆ. ಸೋಡಿಯಂನ ಆ ಒಂಟಿ ಟಿಕಳಿಯನ್ನು ಕಿತ್ತು ಕ್ಲೋರಿನ್‌ಗೆ ಅಂಟಿಸಿದರೆ, ಕೊಟ್ಟ ಸೋಡಿಯಂ ಧನ ಆವೇಶದ ಅಯಾನು, ಪಡೆದ ಕ್ಲೋರಿನ್ ಋಣ ಆವೇಶದ ಅಯಾನು. ವಿರುದ್ಧ ಆವೇಶಗಳು ಒಂದನ್ನೊಂದು ಎಳೆದು ಹಿಡಿಯುತ್ತವೆ. ಅದು ಅಯಾನಿಕ ಬಂಧ, ನಮ್ಮ ಅಡುಗೆಯ ಉಪ್ಪು. ಬಾಜೂಕ್ಕೆ ಎರಡು ಬಳೆಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಇಟ್ಟು, ನಡುವಿನ ಜಾಗದಲ್ಲಿ ಎರಡು ಟಿಕಳಿ ಅಂಟಿಸಿದ್ದೆ. ಇಲ್ಲಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಎರಡು ಪರಮಾಣುಗಳು ಆ ಜೋಡಿಯನ್ನು ಹಂಚಿಕೊಂಡಿರುತ್ತವೆ. ಅದು ಸಹವೇಲೆನ್ಸೀಯ ಬಂಧ. ಸಕ್ಕರೆಯ ಅಣುವಿನೊಳಗೆ ಇರುವುದು ಇದೇ ಬಗೆಯ ಬಂಧ.

ಇದನ್ನು ಖಾತ್ರಿ ಮಾಡಿಸಲು ಒಂದು ಪ್ರಯೋಗ. ಎರಡು ಗಾಜಿನ ಲೋಟ, ಒಂದರಲ್ಲಿ ಉಪ್ಪಿನ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಬ್ಯಾಟರಿಗೆ ವೈರು ಕಟ್ಟಿ, ಹಳೆಯ ಸೆಲ್ಲಿನೊಳಗಿನ ಕಾರ್ಬನ್ ಕಡ್ಡಿಗಳನ್ನು ನೀರಿನಲ್ಲಿ ಅದ್ದಿದರೆ ಉಪ್ಪಿನ ನೀರಿನಲ್ಲಿ ಬಲ್ಬು ಹೊತ್ತಬೇಕು. ಉಪ್ಪು ಕರಗಿದಾಗ ಅಯಾನುಗಳು ಬಿಡಿಬಿಡಿಯಾಗಿ ಓಡಾಡುತ್ತವೆ, ವಿದ್ಯುತ್ತು ಹರಿಯುತ್ತದೆ. ಸಕ್ಕರೆ ಕರಗಿದರೂ ಅದರ ಅಣು ಒಡೆಯುವುದಿಲ್ಲ, ಆವೇಶವಿಲ್ಲದೆ ಇಡಿಯಾಗಿಯೇ ಇರುತ್ತದೆ, ಬಲ್ಬು ಹೊತ್ತುವುದಿಲ್ಲ. ಶಾಲೆಯಲ್ಲಿ ಟಾರ್ಚಿನ ಸಣ್ಣ ಬಲ್ಬು ಹಾಕಿ ನೋಡಿದ್ದೆವು. ಉಪ್ಪಿನಲ್ಲಿ ಮಂದವಾಗಿ ಹೊತ್ತಿತು, ಸಕ್ಕರೆಯಲ್ಲಿ ಹೊತ್ತಲಿಲ್ಲ. ಎಲ್ಲ ಸರಿಯಿತ್ತು.

ಹೊರಡುವ ದಿನ ಬೆಳಿಗ್ಗೆ ಪಾಟೀಲ ಸರ್‌ಗೆ ಜ್ವರ. ಅಂಗಡಿಗೆ ಬೀಗ ಹಾಕಿ ಅಪ್ಪನೇ ನನ್ನ ಜೊತೆ ಬಂದ. ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವಷ್ಟರಲ್ಲಿ ಬಸ್ಸಿನ ಗದ್ದಲದಲ್ಲಿ ಟಾರ್ಚಿನ ಬಲ್ಬು ಒಡೆದುಹೋಗಿತ್ತು. ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಕ್ ಅಂಗಡಿಗೆ ಓಡಿ ಒಂದು ಚಿಕ್ಕ ಎಲ್‌ಇಡಿ ದೀಪ ತಂದ. ಅಂಗಡಿಯವರೇ ವೈರು ಜೋಡಿಸಿ ಕೊಟ್ಟಿದ್ದರು. ಪ್ರದರ್ಶನ ನಡೆಯುವ ಶಾಲೆಯ ಬೋರ್‌ವೆಲ್ ನಳದಿಂದ ನೀರು ಹಿಡಿದು ಉಪ್ಪು, ಸಕ್ಕರೆ ಕರಗಿಸಿದೆ. ಉಪ್ಪಿನ ನೀರಿನಲ್ಲಿ ದೀಪ ಝಗ್ ಎಂದು ಹೊತ್ತಿತು. ಅಪ್ಪನ ಮುಖವೂ ಅರಳಿತು. ಆ ಸಂತೋಷದಲ್ಲಿ ಸಕ್ಕರೆ ನೀರನ್ನು ಪರೀಕ್ಷಿಸಿ ನೋಡಲೇ ಇಲ್ಲ.

ನಿರ್ಣಾಯಕರು ಇಬ್ಬರು ಬಂದರು. ಹಿರಿಯರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರಂತೆ. “ಹೆಸರೇನವ್ವಾ?” ಎಂದರು. ನಾನು “ಸ... ಸ...” ಎಂದೆ. “ಸವಿತಾ ಅಂತ್ರಿ ಸರ್, ಮಮದಾಪುರದವ್ರು. ಅಕಿಗೆ ಮಾತು ಜರಾ ತಡೀತೈತ್ರಿ” ಎಂದು ಅಪ್ಪ ಹೇಳಿದ. ನಾನು ಟಿಕಳಿ ಕಿತ್ತು ಅಂಟಿಸಿ ತೋರಿಸಿದೆ. ಅವರು ಮೆಚ್ಚಿ ತಲೆಯಾಡಿಸಿದರು. ಉಪ್ಪಿನ ನೀರಿನಲ್ಲಿ ದೀಪ ಹೊತ್ತಿತು. ಕಡ್ಡಿಗಳನ್ನು ಒರೆಸಿ ಸಕ್ಕರೆ ನೀರಿನಲ್ಲಿ ಅದ್ದಿದೆ.

ದೀಪ ಹೊತ್ತಿತು.

ಉಪ್ಪಿನಲ್ಲಿ ಹೊತ್ತಿದಷ್ಟು ಜೋರಾಗಿ ಅಲ್ಲ, ಆದರೆ ಎಲ್ಲರಿಗೂ ಕಾಣುವಷ್ಟು ಹೊತ್ತಿತು. ರಟ್ಟಿನ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ‘ಸಕ್ಕರೆ ದ್ರಾವಣದಲ್ಲಿ ದೀಪ ಹೊತ್ತುವುದಿಲ್ಲ’ ಎಂದು ಬರೆದಿದ್ದೆ. ಸುತ್ತ ನಿಂತಿದ್ದ ಮಕ್ಕಳು ಕಿಸಕ್ಕೆಂದರು. “ಇದ್ಯಾಕ ಹಿಂಗಾತು?” ಎಂದು ಹಿರಿಯರು ಕೇಳಿದರು. ನಾನು ಕಡ್ಡಿಗಳನ್ನು ಎತ್ತಿ ಮತ್ತೆ ಅದ್ದಿದೆ, ಮತ್ತೆ ಹೊತ್ತಿತು. ಅಪ್ಪ ಮುಂದೆ ಬಂದ. “ಬಲ್ಬು ಬದಲಿ ಮಾಡೇವ್ರಿ ಸರ್, ಅದಕ್ಕ...” ಎಂದು ಏನೋ ಹೇಳಹೋದ. “ಇರ್ಲಿ. ಮುಂದಿನ ಸಾಲು ನೋಡ್ಕೊಂಡು ಮತ್ತ ಈ ಕಡೆ ಬರ್ತೇವಿ. ಅಷ್ಟರಾಗ ವಿಚಾರ ಮಾಡು” ಎಂದು ಹಿರಿಯರು ಅತ್ತ ನಡೆದರು.

ಅಪ್ಪ ಮೆಲ್ಲಗೆ, “ಹೋಗೂಣ ನಡಿ ಮಗಳ. ಊಟ ಮಾಡಿ ಬಸ್ ಹಿಡಿಯೂಣು” ಎಂದ. ಸಿಟ್ಟಿನಿಂದಲ್ಲ, ನನ್ನ ಸಂಕಟ ನೋಡಲಾಗದೆ. ಆ ದಿನ ಹಾಗೇ ಎದ್ದು ಬಂದಿದ್ದರೆ ನನ್ನ ಓದು ಹತ್ತನೆಯ ತರಗತಿಗೇ ನಿಲ್ಲುತ್ತಿತ್ತು. ನಾನು ಬಳೆಯ ರಟ್ಟನ್ನು ಮಡಚಲು ಶುರು ಮಾಡಿದ್ದೆ.

ಬಾಜೂದ ಟೇಬಲ್ ಸಂಕೇಶ್ವರದ ಒಂದು ಶಾಲೆಯದು. ಅಲ್ಲಿ ಅಶ್ವಿನಿ ಎಂಬ ಹುಡುಗಿ ಗಡಸು ನೀರಿನಲ್ಲಿ ಸಾಬೂನಿನ ನೊರೆ ಬರುವುದಿಲ್ಲ ಎಂದು ತೋರಿಸುತ್ತಿದ್ದಳು. ಅವಳ ಜೊತೆ ಬಂದಿದ್ದ ಕಾಂಬಳೆ ಮೇಡಂ ಎದ್ದು ನನ್ನ ಹತ್ತಿರ ಬಂದರು. ನಡುವಯಸ್ಸು, ಕನ್ನಡಕ, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

“ಏನವ್ವಾ, ಬರೇ ನೀರಾಗ ಹಚ್ಚಿ ನೋಡೀಯೇನು?” ಎಂದರು.

ಇಲ್ಲ ಎಂದು ತಲೆಯಾಡಿಸಿದೆ.

“ಹಚ್ಚಿ ನೋಡು ಮತ್ತ.”

ಇನ್ನೊಂದು ಲೋಟದಲ್ಲಿ ಅದೇ ನಳದ ನೀರು ಹಾಕಿ ಕಡ್ಡಿ ಅದ್ದಿದೆ. ಉಪ್ಪಿಲ್ಲ, ಸಕ್ಕರೆಯಿಲ್ಲ. ಆದರೂ ದೀಪ ಹೊತ್ತಿತು!

ಮೇಡಂ ಉತ್ತರ ಹೇಳಲಿಲ್ಲ. “ಮನ್ಯಾಗ ಬೋರಿನ ನೀರು ಕಾಸಿದ್ರ ಪಾತೇಲಿ ತಳಕ್ಕ ಬೆಳ್ಳಗ ಏನ ಕುಂದ್ರತೈತಿ?” ಎಂದು ಕೇಳಿ, ಬಾಳೆಹಣ್ಣು ಬಾಯಿಗಿಟ್ಟು ನಿಂತರು. ನನ್ನ ತಲೆಯೊಳಗೆ ಒಮ್ಮೆಲೇ ಬೆಳಕಾಯಿತು. ನೆಲದೊಳಗಿನ ಲವಣಗಳು ಆ ನೀರಿನಲ್ಲಿ ಮೊದಲೇ ಕರಗಿವೆ. ಅವೂ ಉಪ್ಪಿನ ಹಾಗೆ ಅಯಾನುಗಳೇ. ದೀಪ ಹೊತ್ತಿಸಿದ್ದು ಸಕ್ಕರೆಯಲ್ಲ, ನೀರು! ಟಾರ್ಚಿನ ಬಲ್ಬಿಗೆ ಆ ಅಲ್ಪ ವಿದ್ಯುತ್ತು ಸಾಲುವುದಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು.

ವರ್ಷವೆಲ್ಲ ಪುಸ್ತಕದಿಂದ ಬಾಯಿಪಾಠ ಮಾಡಿದ್ದು ಆ ಕ್ಷಣ ನಿಜವಾಗಿ ಅರ್ಥವಾಯಿತು. ಅಲ್ಲಿಯವರೆಗೆ ಅಯಾನು ಎಂದರೆ ನನಗೆ ಒಂದು ಟಿಕಳಿ ಅಷ್ಟೇ.

ಆದರೆ ಅಯಾನುಗಳಿಲ್ಲದ ನೀರು ಎಲ್ಲಿಂದ ತರುವುದು? ಅಶ್ವಿನಿ ತನ್ನ ಟೇಬಲ್ ಕೆಳಗಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನ ಬಾಟಲಿ ತೆಗೆದಳು. ಗಡಸಲ್ಲದ ನೀರು ಎಂದು ತೋರಿಸಲು ಅವಳು ತಂದದ್ದು, ತಳದಲ್ಲಿ ಸ್ವಲ್ಪವೇ ಉಳಿದಿತ್ತು. ಅವಳ ಟೇಬಲ್ಲಿಗೆ ನಿರ್ಣಾಯಕರು ಇನ್ನೂ ಬಂದೇ ಇರಲಿಲ್ಲ. ಒಂದು ಪ್ರನಾಳದ ತುಂಬ ತನಗೆ ಇಟ್ಟುಕೊಂಡು ಉಳಿದದ್ದರಲ್ಲಿ ಹೆಚ್ಚಿನದನ್ನು ನನ್ನ ಲೋಟಕ್ಕೆ ಸುರಿದಳು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ.

“ತಗೋ ಅಕ್ಕಾ, ನನಗ ಇಷ್ಟ ಸಾಕು. ಜರಾ ಹುಷಾರಲೇ ಅಲುಗಾಡಸ್ತೀನಿ” ಎಂದಳು. ಅವಳು ನನಗಿಂತ ಒಂದು ತರಗತಿ ಚಿಕ್ಕವಳು.

ಕಡ್ಡಿಗಳನ್ನು ಆ ನೀರಿನದೇ ಕೆಲವು ಹನಿಗಳಲ್ಲಿ ತೊಳೆದು ಅದ್ದಿದೆ. ದೀಪ ಹೊತ್ತಲಿಲ್ಲ. ಸಕ್ಕರೆ ಹಾಕಿ ಕಲಕಿದೆ. ಆಗಲೂ ಹೊತ್ತಲಿಲ್ಲ. ಚಿಟಿಕೆ ಉಪ್ಪು ಉದುರಿಸಿದೆ, ದೀಪ ನಿಧಾನವಾಗಿ ಕಣ್ಣು ಬಿಟ್ಟಿತು. ಅಶ್ವಿನಿ ಚಪ್ಪಾಳೆ ತಟ್ಟಿದಳು. ಆಮೇಲೆ ತನ್ನ ಬಾಟಲಿಯಲ್ಲಿ ಉಳಿದ ಚೂರು ನೀರನ್ನೂ ಬಸಿದು, ನಿರ್ಣಾಯಕರಿಗೆ ತೋರಿಸಲೆಂದು ಇನ್ನೊಂದು ಪುಟ್ಟ ಬಟ್ಟಲಿನಲ್ಲಿ ಸಕ್ಕರೆ ನೀರು ಮಾಡಿಕೊಟ್ಟಳು.

ಹಿರಿಯರು ಹೇಳಿದಂತೆಯೇ ತಿರುಗಿ ಬಂದರು. “ತಿಳೀತೇನು?” ಎಂದರು. ನಾನು ಬರಿಯ ನಳದ ನೀರಿನಲ್ಲಿ ದೀಪ ಹೊತ್ತುವುದನ್ನು, ಆಮೇಲೆ ಕಡ್ಡಿಗಳನ್ನು ಒರೆಸಿ ಬಟ್ಟಲಿನ ಸಕ್ಕರೆ ನೀರಿನಲ್ಲಿ ಹೊತ್ತದಿರುವುದನ್ನು ತೋರಿಸಿದೆ. “ಖರೆ. ಆದ್ರ ಯಾಕ?” ಎಂದು ಕೇಳಿದರು. ಇದನ್ನು ಕೈಯಿಂದ ತೋರಿಸಲು ಬರುವುದಿಲ್ಲ. ಬಾಯಿಂದಲೇ ಹೇಳಬೇಕು.

“ಸ... ಸ... ಸ...”

ಅಪ್ಪ ಬಾಯಿ ತೆರೆದ. ಅಷ್ಟು ಹೊತ್ತು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ, ಉತ್ತರ ಅವನಿಗೂ ಗೊತ್ತಾಗಿತ್ತು. “ಸಕ್ರಿ ಅಂದ್ರ...” ಎಂದು ಶುರು ಮಾಡುವಷ್ಟರಲ್ಲಿ ಕಾಂಬಳೆ ಮೇಡಂ ಅವನ ತೋಳು ಹಿಡಿದರು.

“ತಡೀರಿ ಅಣ್ಣಾರ. ಅಕೀಗೆ ಗೊತ್ತೈತಿ, ಅಕೀನ ಹೇಳ್ತಾಳ. ಯಾರಿಗೇನು ಗಾಡಿ ತಪ್ಪಾಕತ್ತಿಲ್ಲ.”

ಅಪ್ಪ ಬಾಯಿ ಮುಚ್ಚಿದ. ನಿರ್ಣಾಯಕರು ತಮ್ಮ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಕೈಕಟ್ಟಿ ನಿಂತರು. ಅವರು ಗಡಿಯಾರ ನೋಡಲಿಲ್ಲ. ನನ್ನ ತುಟಿಯನ್ನು ದಿಟ್ಟಿಸಲೂ ಇಲ್ಲ. ಸುಮ್ಮನೆ ನನ್ನ ಮುಖ ನೋಡುತ್ತ ನಿಂತರು, ಇದೇ ತಮ್ಮ ಕೆಲಸ ಎನ್ನುವ ಹಾಗೆ. ಎಷ್ಟು ಹೊತ್ತು ಹೋಯಿತೋ. ನನ್ನ ಮಾತಿಗಾಗಿ ಇಷ್ಟು ಜನ ಕಾದದ್ದು ಅದೇ ಮೊದಲು.

“ಸ... ಸಕ್ಕರೆಯ ಅಣು ಒಡೆಯೂದಿಲ್ರಿ” ಎಂದೆ. ಮೊದಲ ಪದ ಬಂದ ಮೇಲೆ ಎರಡನೆಯದು ಬಂತು, ಮೂರನೆಯದು ಬಂತು. ನಡುನಡುವೆ ನಿಂತೆ, ಮತ್ತೆ ಹೇಳಿದೆ. ಅಣುವಿನೊಳಗೆ ಎಲೆಕ್ಟ್ರಾನ್ ಹಂಚಿಕೊಂಡಿರುವುದು, ಉಪ್ಪಿನ ಅಯಾನು, ಬೋರಿನ ನೀರಿನ ಲವಣ, ಎಲ್‌ಇಡಿಗೂ ಟಾರ್ಚಿನ ಬಲ್ಬಿಗೂ ಇರುವ ವ್ಯತ್ಯಾಸ, ಎಲ್ಲವನ್ನೂ ನಾನೇ ಹೇಳಿದೆ. ಸಹವೇಲೆನ್ಸೀಯ ಎಂಬ ಪದಕ್ಕಂತೂ ಬೆವರೇ ಇಳಿಯಿತು. ಮುಗಿದಾಗ ಹಿರಿಯರು, “ಮೊದಲ ಸಲ ಸರಿ ಬಂದಿದ್ರ ಇಷ್ಟ ತಿಳೀತಿದ್ದಿಲ್ಲ ನಿನಗ” ಎಂದು ನಕ್ಕು, ಅಶ್ವಿನಿಯ ಟೇಬಲ್ಲಿಗೆ ಹೋದರು. ಅವಳ ಒಂದೇ ಪ್ರನಾಳದಲ್ಲಿ ನೊರೆ ತುಂಬಿ ಬಂದದ್ದನ್ನು ಕಂಡು ನನಗೆ ಜೀವ ಬಂದಂತಾಯಿತು.

ಬಹುಮಾನ ನಮ್ಮಿಬ್ಬರಿಗೂ ಬರಲಿಲ್ಲ. ಗಿರಗಿರ ತಿರುಗುವ ಗಾಳಿಯಂತ್ರ ಮಾಡಿದ್ದ ಹುಡುಗರಿಗೆ ಹೋಯಿತು. ಅಶ್ವಿನಿ ಸಂಕೇಶ್ವರದ ಕಡೆಯ ಬಸ್ಸು ಹತ್ತಿ, ಕಿಟಕಿಯಿಂದ ಕೈಬೀಸಿದಳು. ಕಾಂಬಳೆ ಮೇಡಂಗೆ ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಅವರು ಗದ್ದಲದಲ್ಲಿ ತಮ್ಮ ಮಕ್ಕಳನ್ನು ಎಣಿಸುವುದರಲ್ಲಿದ್ದರು.

ಗೋಕಾಕದ ಬಸ್ಸಿನಲ್ಲಿ ಅಪ್ಪ ಬಳೆಯ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಮೇಲೆ, “ಕಾಲೇಜಿನ್ಯಾಗ ಏನ್ ಓದಬೇಕಂತಿ?” ಎಂದು ಕೇಳಿದ. ನಾನು “ಸ...” ಎಂದು ನಿಂತೆ. ಸೈನ್ಸ್ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಿಟಕಿಯ ಸರಳು ಹಿಡಿದುಕೊಂಡು, ನಾನು ಹೇಳುವ ತನಕ ಕಾದ.

ಈಗ ನಾನು ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೆಲಸ ಸಿಕ್ಕ ವಾರ ಕಾಂಬಳೆ ಮೇಡಂ ನಂಬರ್ ಹುಡುಕಿದೆ. ಸಂಕೇಶ್ವರದ ಶಾಲೆಯವರು ಅವರನ್ನೇ ಕೇಳಿ ಕೊಟ್ಟರು, ಮೇಡಂ ನಿವೃತ್ತರಾಗಿದ್ದರು. ಫೋನಿನಲ್ಲಿ ಹುಕ್ಕೇರಿ, ಬಳೆ, ಟಿಕಳಿ, ದೀಪ ಎಂದು ಏನೇನೋ ಹೇಳಿದೆ. “ಹೌದೇನವ್ವಾ? ನನಗ ನೆನಪಾಗವಲ್ದು ನೋಡು. ಅಂಥಾ ಪ್ರದರ್ಶನಕ್ಕ ಭಾಳ ಹೋಗೇನಿ” ಎಂದು ನಕ್ಕರು. ನನಗೆ ಬೇಸರವಾಗಲಿಲ್ಲ. ನನ್ನ ಜೀವನವನ್ನೇ ತಿರುಗಿಸಿದ ಕೆಲಸ ಅವರ ಪಾಲಿಗೆ ನೆನಪಿಡಬೇಕಾದಷ್ಟು ದೊಡ್ಡದೇ ಆಗಿರಲಿಲ್ಲ ಎಂದು ತಿಳಿದಾಗ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು.

“ಈಗ ಏನ್ ಮಾಡ್ತೀವಾ?” ಎಂದು ಕೇಳಿದರು.

ನಾನು “ಸ... ಸ...” ಎಂದೆ. ‘ಸೈನ್ಸ್ ಟೀಚರ್’ ಎಂಬ ಎರಡೇ ಪದ. ಸಾಮಾನ್ಯವಾಗಿ ಫೋನಿನಲ್ಲಿ ಜನ ಇಷ್ಟರಲ್ಲಿ “ಹಲೋ, ಹಲೋ” ಎಂದು ಕಟ್ ಮಾಡಿಬಿಡುತ್ತಾರೆ. ಆ ಕಡೆಯಿಂದ ಒಂದು ಸದ್ದೂ ಬರಲಿಲ್ಲ. ಮೇಡಂ ಫೋನ್ ಹಿಡಿದು ಕಾಯುತ್ತಿದ್ದರು.